ಕಾರಟಗಿಯ ಹುಡುಗ, ಐಐಎಂ ಫಾರ್ಮು ಮತ್ತು ಲ್ಯಾಮಿನೇಟ್ ಮಾಡಿಸಿದ ಒಂದು ಸರ್ಟಿಫಿಕೇಟು

ಈ ಬರಹದಲ್ಲಿ ಹುಡುಗನ ಹೆಸರು ಇರಲ್ಲ. ಅವನೇ ಬೇಡ ಅಂದ. ಊರು ಮಾತ್ರ ಹೇಳಬಹುದು ಅಂತ ಒಪ್ಪಿದ, ಯಾಕೆಂದರೆ ಇಡೀ ಪ್ರಕರಣ ಇರೋದೇ ಊರಿನ ಸುತ್ತ. ಊರು ಕಾರಟಗಿಯ ಪಕ್ಕದ ಒಂದು ಹಳ್ಳಿ. ಕೊಪ್ಪಳ ಜಿಲ್ಲೆ. ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಕಡೆ ಭತ್ತದ ಗದ್ದೆ, ನಡುನಡುವೆ ರೈಸ್ ಮಿಲ್ಲಿನ ಚಿಮಣಿಗಳು. ನಾನು ಗಂಗಾವತಿ ಕಡೆಯವನು. ಹತ್ತಾರು ವರ್ಷದ ಹಿಂದೆ ಎಂಬಿಎ ಮಾಡಿದವನು. ಆ ಕಾರಣಕ್ಕೆ ನಮ್ಮ ಕಡೆಯ ಹುಡುಗರು ಕ್ಯಾಟ್ (ಐಐಎಂಗಳ ಎಂಬಿಎ ಪ್ರವೇಶ ಪರೀಕ್ಷೆ), ಇಂಟರ್‌ವ್ಯೂ ಅಂತ ಆಗಾಗ ಫೋನ್ ಮಾಡ್ತಾರೆ. ಇವನೂ ಹಾಗೇ ಮಾಡಿದ, 2023ರ ಆಗಸ್ಟಿನಲ್ಲಿ. ಮೊದಲ ಪ್ರಶ್ನೆಯೇ ಇದು: "ಅಣ್ಣಾ, ನನ್ನ ಹತ್ರ 371ಜೆ ಸರ್ಟಿಫಿಕೇಟ್ ಐತಿ. ಐಐಎಂ ಫಾರ್ಮಿನಾಗ ಎಲ್ಲಿ ಹಾಕಬೇಕು?"

ಎಲ್ಲೂ ಇಲ್ಲ ಅಂದೆ. ಅವನು ನಂಬಲಿಲ್ಲ. ವಾರ ಬಿಟ್ಟು ಅವರ ಅವ್ವ ಫೋನ್ ತಗೊಂಡು ಅದನ್ನೇ ಕೇಳಿದರು. "ಇದೊಂದು ಇದ್ರ ಸೀಟು ಸಿಕ್ಕೇ ಸಿಗತೈತಿ ಅಂದಿದ್ರಲ್ಲಪ್ಪ." ಅದನ್ನ ಅವರು ಲ್ಯಾಮಿನೇಟ್ ಮಾಡಿಸಿ ಟ್ರಂಕಿನಲ್ಲಿ ಇಟ್ಟಿದ್ದರು, ಜಮೀನಿನ ಪತ್ರಗಳ ಜೊತೆ.

ಅವರು ಹಾಗೆ ನಂಬಿದ್ದು ಸುಮ್ನೆ ಅಲ್ಲ. 2018ರಲ್ಲಿ ಆ ಕಾಗದ ನಿಜಕ್ಕೂ ಸೀಟು ಕೊಡಿಸಿತ್ತು.

ಆ ಕಾಗದ ಏನು ಮಾಡುತ್ತೆ, ಏನು ಮಾಡಲ್ಲ

ಗೊತ್ತಿಲ್ಲದವರಿಗೆ ಎರಡು ಮಾತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದದ್ದು 371ಜೆ ವಿಧಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ಬಳ್ಳಾರಿಯಿಂದ ಒಡೆದ ವಿಜಯನಗರ, ಇಷ್ಟು ಜಿಲ್ಲೆಯವರಿಗೆ ಅನ್ವಯ. ಈ ಭಾಗದೊಳಗಿನ ಕಾಲೇಜುಗಳಲ್ಲಿ 70% ಸೀಟು ಇಲ್ಲಿಯವರಿಗೆ. ಭಾಗದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8%. ಸರ್ಟಿಫಿಕೇಟ್ ಕೊಡೋದು ಸಹಾಯಕ ಆಯುಕ್ತರ ಕಚೇರಿ, ಜನರ ಬಾಯಲ್ಲಿ ಎಸಿ ಆಫೀಸು.

ಇವನು ಹತ್ತನೇ ತನಕ ಓದಿದ್ದು ಹಳ್ಳಿಯ ಸರ್ಕಾರಿ ಶಾಲೆ, ಪೂರ್ತಿ ಕನ್ನಡ ಮಾಧ್ಯಮ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಇದೆ, ಕನ್ನಡ ಮಾಧ್ಯಮದ ಕೋಟಾ ಇದೆ, ಮೇಲೆ 371ಜೆ. ಅಂದರೆ ರಾಜ್ಯದ ವ್ಯವಸ್ಥೆ ಇವನನ್ನ ನೋಡಿದಾಗ ಇವನ ಊರು, ಇವನ ಶಾಲೆ, ಇವನ ಭಾಷೆ ಮೂರನ್ನೂ ನೋಡುತ್ತೆ. ರ‍್ಯಾಂಕ್ ಅಂಥಾ ದೊಡ್ಡದೇನೂ ಇರಲಿಲ್ಲ. ಆದರೂ ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿತು.

ಐಐಎಂ ಕೇಂದ್ರದ ಸಂಸ್ಥೆ. ಅಲ್ಲಿ ಎಸ್‌ಸಿ, ಎಸ್‌ಟಿ, ಕೇಂದ್ರದ ಪಟ್ಟಿಯ ಓಬಿಸಿ, ಇಡಬ್ಲ್ಯುಎಸ್ (ಬೇರೆ ಮೀಸಲಾತಿ ಇಲ್ಲದ ಬಡವರು), ಅಂಗವಿಕಲರ ಮೀಸಲಾತಿ, ಇಷ್ಟೇ. ಜಿಲ್ಲೆಗೆ ಅಂಕ ಇಲ್ಲ. ಹಳ್ಳಿಗೆ ಅಂಕ ಇಲ್ಲ. ಕನ್ನಡ ಮಾಧ್ಯಮಕ್ಕಂತೂ ಇಲ್ಲವೇ ಇಲ್ಲ.

ಇನ್ನೊಂದು ತಮಾಷೆ ಕೇಳಿ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಇವನು 3ಬಿ. ಕೇಂದ್ರದ ಓಬಿಸಿ ಪಟ್ಟಿಯಲ್ಲಿ ಇವನ ಜಾತಿ ಇಲ್ಲ. ಸರಿ, ಇಡಬ್ಲ್ಯುಎಸ್ ನೋಡೋಣ ಅಂದೆ. ಮನೆಯ ಆದಾಯ ಎಂಟು ಲಕ್ಷಕ್ಕಿಂತ ಎಷ್ಟೋ ಕೆಳಗೆ. ಆದರೆ ಆ ನಿಯಮದಲ್ಲಿ ಐದು ಎಕರೆ ಅಥವಾ ಅದಕ್ಕಿಂತ ಜಾಸ್ತಿ ಕೃಷಿ ಜಮೀನಿದ್ದರೆ ಔಟ್. ಇವರದ್ದು ಆರು ಎಕರೆ. ಮೂರು ಎಕರೆ ಕಾಲುವೆ ನೀರಿನದು, ಉಳಿದ ಮೂರು ಎಕರೆಗೆ ಕಾಲುವೆ ಹತ್ತಲ್ಲ, ಮಳೆ ಬಂದರೆ ಸಜ್ಜೆ, ಬರದಿದ್ದರೆ ಬೀಳು. ನಿಯಮ ಅದನ್ನೆಲ್ಲ ಕೇಳಲ್ಲ. ಆರು ಅಂದರೆ ಆರು. ಕೊನೆಗೆ ಜನರಲ್ ಅಂತ ಟಿಕ್ ಮಾಡಿದ. ಎಂಜಿನಿಯರ್, ಗಂಡು, ಜನರಲ್, ಅಂದರೆ ಕ್ಯಾಟ್ ಬರೆಯುವವರಲ್ಲಿ ಅತಿ ದೊಡ್ಡ ಗುಂಪು.

ಬೋರ್ಡ್ ನೋಡ್ತಾರೆ, ಊರು ನೋಡಲ್ಲ

ನನಗೆ ಈ ಪ್ರಕರಣದಲ್ಲಿ ಅತಿ ಕುತೂಹಲ ಅನ್ನಿಸಿದ ಭಾಗ ಇದು, ಸ್ವಲ್ಪ ನಿಧಾನವಾಗಿ ಓದಿ.

ಐಐಎಂಗಳು ಬರೀ ಕ್ಯಾಟ್ ನೋಡಲ್ಲ. ಐಐಎಂ ಬೆಂಗಳೂರನ್ನೇ ತಗೊಳ್ಳಿ, ಅವರು ತಮ್ಮ ಲೆಕ್ಕವನ್ನ ಬಹಿರಂಗವಾಗಿ ಪ್ರಕಟಿಸ್ತಾರೆ, ಅದಕ್ಕೆ ಮೆಚ್ಚಬೇಕು. ಕ್ಯಾಟ್ ಅಂಕ, ಹತ್ತನೇ ಅಂಕ, ಪಿಯುಸಿ, ಡಿಗ್ರಿ, ಕೆಲಸದ ಅನುಭವ, ಹೆಣ್ಣುಮಕ್ಕಳಿಗೆ ಸ್ವಲ್ಪ ಹೆಚ್ಚುವರಿ, ಎಲ್ಲ ಸೇರಿಸಿ ಇಂಟರ್‌ವ್ಯೂಗೆ ಕರೆಯುವ ಪಟ್ಟಿ ಆಗುತ್ತೆ. ಹತ್ತನೇ ಮತ್ತು ಹನ್ನೆರಡರ ಅಂಕವನ್ನ ನೇರವಾಗಿ ತಗೊಳ್ಳಲ್ಲ. ಒಂದೊಂದು ಬೋರ್ಡಿನಲ್ಲಿ ಅಂಕ ಕೊಡುವ ಕೈ ಬೇರೆ ಬೇರೆ ಅಲ್ವಾ. ಅದಕ್ಕೆ ಅದೇ ಬೋರ್ಡಿನಿಂದ ಬಂದ ಕ್ಯಾಟ್ ಅರ್ಜಿದಾರರಲ್ಲಿ 90ನೇ ಪರ್ಸೆಂಟೈಲಿನಲ್ಲಿ ಇರುವ ಅಂಕ, ಅಂದರೆ ನೂರರಲ್ಲಿ ತೊಂಬತ್ತು ಮಂದಿಯನ್ನ ಹಿಂದೆ ಹಾಕುವ ಅಂಕ ಎಷ್ಟು ಅಂತ ನೋಡಿ, ಅದರಿಂದ ನಿಮ್ಮ ಅಂಕವನ್ನ ಭಾಗಿಸ್ತಾರೆ.

ಲೆಕ್ಕ ಅರ್ಥ ಆಗಲಿ ಅಂತ ಒಂದು ಉದಾಹರಣೆ, ಆ 90ನೇ ಪರ್ಸೆಂಟೈಲ್ ಅಂಕಗಳು ನಾನು ಇಟ್ಟುಕೊಂಡವು. ಇವನ ಎಸ್ಸೆಸ್ಸೆಲ್ಸಿ 625ಕ್ಕೆ 525, ಅಂದರೆ 84%. ನಮ್ಮ ಬೋರ್ಡಿನ ಆ ಅಂಕ 96 ಅಂತ ಇಟ್ಟುಕೊಂಡರೆ ಇವನಿಗೆ ಸಿಗೋದು 0.875. ಬೇರೊಂದು ರಾಜ್ಯದ ಬಿಗಿ ಕೈ ಬೋರ್ಡಿನಲ್ಲಿ ಅದು 92 ಇದ್ದರೆ, ಅಲ್ಲಿ 84 ತೆಗೆದವನಿಗೆ 0.913. ನ್ಯಾಯವಾಗೇ ಇದೆ. ರಾಜ್ಯ ರಾಜ್ಯದ ನಡುವಿನ ಏರುಪೇರನ್ನ ಸರಿ ಮಾಡುವ ಲೆಕ್ಕ.

ಆದರೆ ಆ 96 ಎಲ್ಲಿಂದ ಬಂತು ನೋಡಿ. ಕರ್ನಾಟಕ ಬೋರ್ಡಿನಲ್ಲಿ ಓದಿ *ಕ್ಯಾಟ್‌ಗೆ ಅರ್ಜಿ ಹಾಕಿದವರಿಂದ*. ಅವರು ಯಾರು? ಕಾರಟಗಿಯ ಸರ್ಕಾರಿ ಶಾಲೆಯವರಾ? ನನ್ನ ಸುತ್ತಮುತ್ತ ನೋಡಿದ ಮಟ್ಟಿಗೆ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಯ ಇಂಗ್ಲಿಷ್ ಮಾಧ್ಯಮದ ಮಕ್ಕಳೇ ಜಾಸ್ತಿ. ಇವನು ಓದಿದ ಬ್ಯಾಚಿನಿಂದ ಕ್ಯಾಟ್ ಬರೆದದ್ದು ಇವನೊಬ್ಬನೇ. ಲೆಕ್ಕಕ್ಕೆ ಮಹಾರಾಷ್ಟ್ರ ಮತ್ತು ಕರ್ನಾಟಕದ ವ್ಯತ್ಯಾಸ ಕಾಣುತ್ತೆ. ಬೆಂಗಳೂರಿನ ಜಯನಗರ ಮತ್ತು ಕಾರಟಗಿಯ ವ್ಯತ್ಯಾಸ ಕಾಣಲ್ಲ, ಯಾಕೆಂದರೆ ಎರಡೂ ಒಂದೇ ಬೋರ್ಡು.

ಆ ವ್ಯತ್ಯಾಸ ಸಣ್ಣದಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ನೆನಪಿಸಿಕೊಳ್ಳಿ. ಮೊದಲ ಸ್ಥಾನ ಉಡುಪಿ, 94% ಪಾಸು. ಕೊನೆಯ ಸ್ಥಾನ ಯಾದಗಿರಿ, 50.59%. ಒಂದೇ ಪ್ರಶ್ನೆಪತ್ರಿಕೆ, ಒಂದೇ ದಿನ, ಒಂದೇ ಬೋರ್ಡು. ಪ್ರಾದೇಶಿಕ ಅಸಮತೋಲನ ನೋಡಲು ರಾಜ್ಯ ಸರ್ಕಾರ ನೇಮಿಸಿದ ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಪಟ್ಟಿ ಮಾಡಿ ಕೊಟ್ಟಿತ್ತು. ಆ ಪಟ್ಟಿಯಿಂದ ರಾಜ್ಯದ ಬಜೆಟ್ಟಿನಲ್ಲಿ ದುಡ್ಡು ಹಂಚುವ ಮಾತು ಬಂತು, 371ಜೆ ಬೇಡಿಕೆಗೂ ಬಲ ಬಂತು. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರಿನ ಲೆಕ್ಕಕ್ಕೆ ಮಾತ್ರ ಅದು ತಲುಪಿಲ್ಲ.

ಇಲ್ಲಿ ಯಾರದ್ದೂ ದ್ವೇಷ ಇಲ್ಲ, ಮೋಸವೂ ಇಲ್ಲ. ರಾಜ್ಯದ ವ್ಯವಸ್ಥೆಗೆ ರಾಜ್ಯದೊಳಗಿನ ಏರುತಗ್ಗು ಕಾಣುತ್ತೆ, ಕೇಂದ್ರದ ವ್ಯವಸ್ಥೆಗೆ ರಾಜ್ಯಗಳ ನಡುವಿನದು. ಇವನು ಬಿದ್ದದ್ದು ಎರಡರ ನಡುವಿನ ಸಂದಿಯಲ್ಲಿ.

ಮೊದಲ ಸಲ

2022ರಲ್ಲಿ ಬಿಇ ಮುಗಿಸಿ ಬೆಂಗಳೂರಿನ ಒಂದು ಐಟಿ ಕಂಪನಿಗೆ ಸೇರಿದ. ಪಿಜಿಯಲ್ಲಿ ವಾಸ, ಸಂಜೆ ಓದು. 2023ರ ನವೆಂಬರಿನಲ್ಲಿ ಮೊದಲ ಕ್ಯಾಟ್. ಗಣಿತದಲ್ಲಿ 97 ಪರ್ಸೆಂಟೈಲ್. ಇಂಗ್ಲಿಷ್ ವಿಭಾಗದಲ್ಲಿ 69.

ಕ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುವ ಪರೀಕ್ಷೆ. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಒಂದು ಭಾಗ ಪೂರ್ತಿ ಓದು ಮತ್ತು ಭಾಷೆ. ಒಂದೊಂದು ಐಐಎಂ ಪ್ರತಿ ಭಾಗಕ್ಕೂ ಬೇರೆ ಬೇರೆ ಕನಿಷ್ಠ ಪರ್ಸೆಂಟೈಲ್ ಇಟ್ಟಿರುತ್ತೆ, ಹಾಗಾಗಿ ಗಣಿತದಲ್ಲಿ ಎಷ್ಟೇ ಹೊಡೆದರೂ ಇಂಗ್ಲಿಷಿನಲ್ಲಿ ಮುಗ್ಗರಿಸಿದರೆ ಮುಗಿಯಿತು. ಇಂಟರ್‌ವ್ಯೂಗೆ ಒಂದೂ ಕಾಲ್ ಬರಲಿಲ್ಲ.

ಅವನ ಸಮಸ್ಯೆ ಇಂಗ್ಲಿಷ್ ಬರಲ್ಲ ಅನ್ನೋದಲ್ಲ. ಆಫೀಸಿನಲ್ಲಿ ಮೇಲ್ ಬರೀತಿದ್ದ, ಮೀಟಿಂಗಿನಲ್ಲಿ ಮಾತಾಡ್ತಿದ್ದ. ಒಂದು ದಿನ ಪಕ್ಕ ಕೂರಿಸಿಕೊಂಡು ಓದಿಸಿ ನೋಡಿದೆ. ಗ್ರೀಕ್ ನಾಟಕದ ಬಗ್ಗೆ ಒಂದು ಪ್ಯಾಸೇಜ್, ಐದುನೂರು ಪದ ಇರಬಹುದು. ಅವನು ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ಅರ್ಥ ಆಯ್ತು ಅಂತ ಖಾತ್ರಿ ಮಾಡಿಕೊಂಡು ಮುಂದೆ ಹೋಗ್ತಿದ್ದ. ತುಟಿ ಸಣ್ಣಗೆ ಅಲ್ಲಾಡ್ತಿತ್ತು. ಉತ್ತರ ಹೇಳಿದ್ದೆಲ್ಲ ಸರಿ. ಆದರೆ ಒಂದು ಪ್ಯಾಸೇಜಿಗೆ ಹದಿನಾಲ್ಕು ನಿಮಿಷ. ಆ ವಿಭಾಗದಲ್ಲಿ ಅಂಥವು ನಾಲ್ಕು ಇರುತ್ತೆ, ಮೇಲೆ ಬೇರೆ ಪ್ರಶ್ನೆಗಳು.

ನನ್ನ ಆಫೀಸಿನಲ್ಲಿ ಅದೇ ವರ್ಷ ಕ್ಯಾಟ್ ಬರೆದ ಇನ್ನೊಬ್ಬಳಿದ್ದಳು, ಬೆಂಗಳೂರಿನವಳೇ. ಇಂಗ್ಲಿಷ್ ವಿಭಾಗಕ್ಕೆ ಓದೇ ಇಲ್ಲ ಅಂದಳು, 97 ಬಂತು. ಅವಳು ಓದಿಲ್ಲ ಅಂದದ್ದು ಸುಳ್ಳಲ್ಲ. ಹನ್ನೆರಡು ವರ್ಷ ಬೇರೆ ಯಾರೋ ಓದಿಸಿದ್ದರು, ಅಷ್ಟೇ.

ಮಿಲ್ಲಿನ ಲೆಕ್ಕದ ಪುಸ್ತಕ

2024ರ ಏಪ್ರಿಲಿನಲ್ಲಿ ಕೆಲಸ ಹೋಯ್ತು. ಪ್ರಾಜೆಕ್ಟ್ ಮುಗಿದು ಮೂರು ತಿಂಗಳು ಬೇರೆ ಪ್ರಾಜೆಕ್ಟ್ ಸಿಗದೆ ಬೆಂಚಿನಲ್ಲಿದ್ದ, ಆಮೇಲೆ ರಾಜೀನಾಮೆ ಬರೆಸಿಕೊಂಡರು. ಒಟ್ಟು ಇಪ್ಪತ್ತು ತಿಂಗಳ ಅನುಭವ. ಬೆಂಗಳೂರಿನ ಬಾಡಿಗೆ ಕಟ್ಟಿಕೊಂಡು ಓದುವುದು ಆಗದ ಮಾತು ಅಂತ ಊರಿಗೆ ಹೋದ.

ಅವನ ಅಪ್ಪ, ನಾನು ಕಾಕಾ ಅಂತೀನಿ, ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ಆ ಸೀಸನ್ನಿನಲ್ಲಿ ಅವರಿಗೆ ಕಣ್ಣಿನ ಆಪರೇಷನ್ ಆಗಿ ಲೆಕ್ಕ ಬರೆಯಕ್ಕೆ ಆಗ್ತಿರಲಿಲ್ಲ, ಮಗ ಹೋಗಿ ಕೂತ. ಬೆಳಿಗ್ಗೆ ಎಂಟರಿಂದ ನಾಲ್ಕರ ತನಕ ಮಿಲ್ಲು. ಎಷ್ಟು ಚೀಲ ಭತ್ತ ಬಂತು, ನಮ್ಮ ಕಡೆ ಚೀಲ ಅಂದರೆ 75 ಕೆಜಿ, ತೇವ ಎಷ್ಟು, ಅಕ್ಕಿ ಎಷ್ಟು ಇಳೀತು, ನುಚ್ಚು ಎಷ್ಟು, ತೌಡು ಎಷ್ಟು, ಹಮಾಲರಿಗೆ ಕೊಟ್ಟದ್ದೆಷ್ಟು. ರಾತ್ರಿ ಓದು. ಮನೆಯಲ್ಲಿ ಇಂಟರ್‌ನೆಟ್ ಅಂದರೆ ಫೋನಿನ ಹಾಟ್‌ಸ್ಪಾಟು. ಮಾಕ್ ಟೆಸ್ಟಿನ ನಡುವೆ ನೆಟ್ ಹೋದರೆ ಟೆಸ್ಟು ಹೋಯ್ತು. ಅದಕ್ಕೆ ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಗಂಗಾವತಿಯ ಗೆಳೆಯನ ಮೊಬೈಲ್ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬರೀತಿದ್ದ.

ಆನ್‌ಲೈನ್ ಕೋಚಿಂಗ್ ಬಂದ ಮೇಲೆ ಊರಿನ ವ್ಯತ್ಯಾಸವೇ ಅಳಿಸಿಹೋಯ್ತು ಅಂತ ಹೇಳುವವರಿದ್ದಾರೆ. ಅರ್ಧ ನಿಜ. ಪಾಠ ಸಿಗುತ್ತೆ, ಬೆಲೆಯೂ ಕಡಿಮೆ ಆಗಿದೆ. ಇವನು ತಗೊಂಡ ಕೋರ್ಸನ್ನೇ ಬೆಂಗಳೂರಿನವರೂ ತಗೊಂಡಿರ್ತಾರೆ. ಸಿಗದೇ ಇರೋದು ಪಕ್ಕದಲ್ಲಿ ಕೂತು ಅದನ್ನೇ ಬರೆಯುವ ಇನ್ನೊಬ್ಬ. "ನಿಂದು ಎಷ್ಟಾಯ್ತು?" ಅಂತ ಕೇಳುವವರೇ ಇಲ್ಲ. ಕಾರಟಗಿಯಲ್ಲಿ ಓದಿನ ಮಾತು ಅಂದರೆ ಪಿಎಸ್‌ಐ, ಎಫ್‌ಡಿಎ, ಕೆಎಎಸ್. ಕ್ಯಾಟ್ ಅಂದರೆ ಅದು ಯಾವ ಇಲಾಖೆ ಅಂತ ಮಿಲ್ಲಿನ ಮಾಲೀಕರು ಕೇಳಿದರಂತೆ.

ಇಂಗ್ಲಿಷಿಗೆ ನಾವು ಮಾಡಿದ್ದು ಒಂದೇ ಕೆಲಸ. ದಿನಾ ಎರಡು ದೊಡ್ಡ ಲೇಖನ, ಅವನಿಗೆ ಏನೇನೂ ಗೊತ್ತಿಲ್ಲದ ವಿಷಯದ ಮೇಲೆ. ಓದಿ ಮುಗಿಸಿ, ನೋಡದೆ, ಮೂರು ಸಾಲು ಇಂಗ್ಲಿಷಿನಲ್ಲೇ ನನಗೆ ವಾಟ್ಸ್ಆ್ಯಪ್ ಮಾಡಬೇಕು. ಮೊದಲ ತಿಂಗಳು ಆ ಮೂರು ಸಾಲಿಗೆ ಒಂದು ಗಂಟೆ ತಗೊಳ್ತಿದ್ದ. ಅಕ್ಟೋಬರ್ ಹೊತ್ತಿಗೆ ತುಟಿ ಅಲ್ಲಾಡೋದು ನಿಂತಿದೆ ಅಂತ ಅವನೇ ಹೇಳಿದ. ಪ್ಯಾಸೇಜಿಗೆ ಎಂಟೂವರೆ ನಿಮಿಷ.

ಪರೀಕ್ಷೆ ನವೆಂಬರ್ 24ಕ್ಕೆ. ಅವನಿಗೆ ಹುಬ್ಬಳ್ಳಿ ಬಂತು, ಅದೂ ಬೆಳಿಗ್ಗೆ 8:30ರ ಪಾಳಿ. ಅಂದರೆ ಹಿಂದಿನ ದಿನವೇ ಹೊರಡಬೇಕು. ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜು. ಕೆಳಗೆ ಮದುವೆ ದಿಬ್ಬಣ, ರಾತ್ರಿ ಒಂದರ ತನಕ ಬ್ಯಾಂಡು. ಇದಕ್ಕೆ ಯಾವ ನಾರ್ಮಲೈಸೇಷನ್ನೂ (ಅಂಕ ಸರಿತೂಗಿಸುವ ಲೆಕ್ಕ) ಇಲ್ಲ ಅಣ್ಣಾ ಅಂತ ಬೆಳಿಗ್ಗೆ ಐದಕ್ಕೆ ಮೆಸೇಜ್ ಹಾಕಿದ್ದ.

ಫಲಿತಾಂಶ, ಮತ್ತು ನಾನು ಕೊಟ್ಟ ತಪ್ಪು ಸಲಹೆ

ಡಿಸೆಂಬರ್ 19ಕ್ಕೆ ಫಲಿತಾಂಶ. ಒಟ್ಟು 96.8. ಗಣಿತ 98.6, ಡೇಟಾ ಮತ್ತು ಲಾಜಿಕ್ 95, ಇಂಗ್ಲಿಷ್ 84. ಆ ವರ್ಷ ದೇಶದಲ್ಲಿ 14 ಮಂದಿಗೆ ನೂರು ಪರ್ಸೆಂಟೈಲ್ ಬಂದಿತ್ತು, ಅದರಲ್ಲಿ ಐದು ಮಂದಿ ಮಹಾರಾಷ್ಟ್ರದವರು, 13 ಮಂದಿ ಎಂಜಿನಿಯರುಗಳು. ಇಂಥ ಗುಂಪಿನಲ್ಲಿ ಜನರಲ್ ಎಂಜಿನಿಯರ್ ಹುಡುಗನ 96.8 ಅಂದರೆ ಚೆನ್ನಾಗಿದೆ, ಸಾಲದು.

ಅಹಮದಾಬಾದ್, ಬೆಂಗಳೂರು, ಕಲ್ಕತ್ತಾ, ಲಖನೌ, ಇಂದೋರ್, ಕೋಯಿಕ್ಕೋಡ್, ಈ ಹಳೆಯ ಆರರಿಂದ ಕಾಲ್ ಇಲ್ಲ. ಪಿಯುಸಿಯ 79% ಮತ್ತು ಆ ಎಸ್ಸೆಸ್ಸೆಲ್ಸಿಯ 84% ಎಳೆದು ಕೂರಿಸಿದವು. ಹದಿನಾರನೇ ವಯಸ್ಸಿನಲ್ಲಿ, ಮೂರು ತಿಂಗಳು ವಿಜ್ಞಾನದ ಮೇಷ್ಟ್ರೇ ಇಲ್ಲದ ಶಾಲೆಯಲ್ಲಿ ತೆಗೆದ ಅಂಕ ಇಪ್ಪತ್ತನಾಲ್ಕನೇ ವಯಸ್ಸಿಗೆ ಬಂದು ಬಾಗಿಲು ಹಾಕುತ್ತೆ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತೆ. ಹೊಸ ಐಐಎಂಗಳಲ್ಲಿ ಕೆಲವು ಸೇರಿ ಒಂದೇ ಇಂಟರ್‌ವ್ಯೂ ಮಾಡ್ತಾರೆ, ಅದಕ್ಕೆ ಕರೆ ಬಂತು. ಬೇರೆಯಾಗಿ ನಡೆಸುವ ಇನ್ನೊಂದು ಹೊಸ ಐಐಎಂನಿಂದಲೂ ಬಂತು.

ಇಲ್ಲಿ ನನ್ನ ಪಾತ್ರ ಹೇಳಬೇಕು. ಏಪ್ರಿಲಿನಿಂದ ಕೆಲಸ ಇಲ್ಲ ಅನ್ನೋದನ್ನ ಕೇಳೇ ಕೇಳ್ತಾರೆ, ಪರೀಕ್ಷೆಗೆ ಓದ್ತಿದ್ದೆ ಅಂತ ಹೇಳಿ ಐಟಿ ಕೆಲಸದ ಕಡೆ ಮಾತು ತಿರುಗಿಸು ಅಂದೆ. ಮಿಲ್ಲಿನ ವಿಷಯ ಬೇಡ ಅಂದೆ. ಅದಕ್ಕೆ ಸಂಬಳದ ಚೀಟಿ ಇಲ್ಲ, ಅನುಭವದ ಪತ್ರ ಇಲ್ಲ, ಫಾರ್ಮಿನಲ್ಲೂ ಹಾಕಿರಲಿಲ್ಲ. ಜೊತೆಗೆ ನನಗೇ ಒಂದು ಹಳೇ ಅಳುಕು. ನನ್ನ ಕಾಲದಲ್ಲಿ ಇಂಟರ್‌ವ್ಯೂನಲ್ಲಿ ಊರು ಯಾವುದು ಅಂದಾಗ ನಾನು "ಹಂಪಿ ಹತ್ತಿರ" ಅಂದಿದ್ದೆ. ಇಪ್ಪತ್ತು ಕಿಲೋಮೀಟರ್ ಆಚೆಯ ಗಂಗಾವತಿ ಬಾಯಿಗೆ ಬರಲಿಲ್ಲ. ಇವನು ಹುಬ್ಬಳ್ಳಿಯಲ್ಲಿ ಸಿಕ್ಕ ಯಾರೋ ಹೇಳಿದರು ಅಂತ, "ಹಿಂದುಳಿದ ಪ್ರದೇಶದಿಂದ ಕಷ್ಟಪಟ್ಟು ಬಂದೆ" ಅನ್ನೋ ಭಾಷಣ ಒಂದನ್ನ ಬರೆದು ಬಾಯಿಪಾಠ ಮಾಡಿದ್ದ. ಅದನ್ನ ಹರಿದು ಹಾಕಿಸಿದೆ. ಆ ಸಲಹೆ ಮಾತ್ರ ಸರಿ ಇತ್ತು. ಪ್ಯಾನೆಲ್ಲಿನವರು ದಿನಕ್ಕೆ ಎಷ್ಟು ಮಂದಿಯಿಂದ ಆ ಭಾಷಣ ಕೇಳಿರ್ತಾರೋ.

ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇಂಟರ್‌ವ್ಯೂ. ಮೂವರು. ಅವನು ಬಂದು ಹೇಳಿದ್ದನ್ನ ಹಾಗೇ ಬರೀತೀನಿ.

ಮೊದಲ ಐದು ನಿಮಿಷ ಮೆಕ್ಯಾನಿಕಲ್, ಥರ್ಮೋಡೈನಮಿಕ್ಸ್, ಸಾಧಾರಣ. ಆಮೇಲೆ ಗ್ಯಾಪ್ ಕೇಳಿದರು. ನಾನು ಹೇಳಿಕೊಟ್ಟದ್ದನ್ನೇ ಹೇಳಿದ. ನಡುವಿನ ಮೇಡಂ ಬಿಡಲಿಲ್ಲ. "ಎಂಟು ತಿಂಗಳು ಬರೀ ಓದಿದ್ರಾ? ಮನೆಗೆ ಏನೂ ಸಹಾಯ ಮಾಡಲಿಲ್ವಾ?" ಆಗ ಬಾಯಿ ತಪ್ಪಿ ಮಿಲ್ಲಿನ ಲೆಕ್ಕ ಬರೀತಿದ್ದೆ ಅಂದ.

"ರೈಸ್ ಮಿಲ್ ಎಲ್ಲಿಂದ ಲಾಭ ಮಾಡುತ್ತೆ?"

ನೂರು ಕೆಜಿ ಭತ್ತ ಹಾಕಿದರೆ ಅರವತ್ತೈದರ ಆಸುಪಾಸು ಅಕ್ಕಿ, ಉಳಿದದ್ದು ತೌಡು, ನುಚ್ಚು, ಹೊಟ್ಟು. ಅಕ್ಕಿ ಮಾರಿದ ದುಡ್ಡು ಭತ್ತದ ದುಡ್ಡಿಗೇ ಹೋಗುತ್ತೆ, ಮಿಲ್ಲು ಓಡೋದು ತೌಡು ಮತ್ತು ನುಚ್ಚಿನ ಮೇಲೆ. ತೌಡು ಎಣ್ಣೆ ತೆಗೆಯುವವರಿಗೆ, ಹೊಟ್ಟು ಬಾಯ್ಲರಿಗೆ. ನಿಜವಾದ ಲಾಭ ಬೇಕಂದರೆ ಅಕ್ಕಿ ಹಳೇದು ಮಾಡಬೇಕು, ಸೋನಾ ಮಸೂರಿಗೆ ಹಳೇದಾದಷ್ಟೂ ಬೆಲೆ. ಇಷ್ಟನ್ನ ಸಣ್ಣ ಸಣ್ಣ ವಾಕ್ಯದಲ್ಲಿ ಹೇಳಿದ. ಇನ್ನೊಬ್ಬರು ಕಾಗದ ತಳ್ಳಿದರು. ಕೆಜಿಗೆ 50 ರೂಪಾಯಿ ಅಕ್ಕಿ, ಬ್ಯಾಂಕಿನ ಬಡ್ಡಿ ವರ್ಷಕ್ಕೆ 12%, ಆರು ತಿಂಗಳು ಇಟ್ಟರೆ ಎಷ್ಟಕ್ಕೆ ಮಾರಬೇಕು? 53 ಅಂದ. ತಕ್ಷಣ ಸೇರಿಸಿದ, ಇಲ್ಲ ಸರ್, 53 ಸಾಲಲ್ಲ, ಅಕ್ಕಿ ಒಣಗಿ ತೂಕ ಇಳಿಯುತ್ತೆ, ನೂರಕ್ಕೆ ಒಂದು ಕೆಜಿ ಹೋದರೂ 53 ರೂಪಾಯಿ 55 ಪೈಸೆ ಹತ್ತಿರ ಬೇಕು, ಗೋದಾಮಿನ ಬಾಡಿಗೆ ಬೇರೆ.

ಮೂರನೆಯವರು ಆಂಧ್ರದವರಿರಬೇಕು. ತುಂಗಭದ್ರಾ ಡ್ಯಾಮಿನ ಗೇಟ್ ಬಗ್ಗೆ ಕೇಳಿದರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಗಿತ್ತಲ್ಲ, ಅದು. 33 ಗೇಟು, 1953ರ ಸುಮಾರಿಗೆ ಮುಗಿದ ಡ್ಯಾಮು, ನೋಡಿಕೊಳ್ಳೋದು ಮೂರು ರಾಜ್ಯಗಳ ಪಾಲಿರುವ ಬೋರ್ಡು. ಇಷ್ಟು ಯಾರಾದರೂ ಹೇಳ್ತಾರೆ. ಇವನು ಹೇಳಿದ್ದು ಆ ವಾರ ಮಿಲ್ಲಿನಲ್ಲಿ ಏನಾಯ್ತು ಅನ್ನೋದನ್ನ. ಎರಡನೇ ಬೆಳೆಗೆ ನೀರು ಸಿಗಲ್ಲ ಅಂತ ಸುದ್ದಿ ಹಬ್ಬಿದ್ದೇ ತಡ, ಹಳೇ ಭತ್ತ ಇಟ್ಟುಕೊಂಡಿದ್ದ ರೈತರು ಮಾರೋದು ನಿಲ್ಲಿಸಿದರು, ಮಿಲ್ಲಿಗೆ ಎರಡು ದಿನ ಒಂದೂ ಟ್ರ್ಯಾಕ್ಟರ್ ಬರಲಿಲ್ಲ. ವಾರದೊಳಗೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟು ಇಳಿಸಿದರು, ಸೆಪ್ಟೆಂಬರಿಗೆ ಡ್ಯಾಮ್ ಮತ್ತೆ ತುಂಬಿತು, ಹಿಡಿದಿಟ್ಟವರೆಲ್ಲ ಒಟ್ಟಿಗೆ ತಂದು ಸುರಿದರು. ಅದನ್ನ ಅವನು ಲೆಕ್ಕದ ಪುಸ್ತಕದಲ್ಲಿ ದಿನದಿನಕ್ಕೆ ಬರೆದಿದ್ದ.

ಹದಿನೈದು ನಿಮಿಷದ ಇಂಟರ್‌ವ್ಯೂ ಅರ್ಧ ಗಂಟೆ ನಡೆಯಿತಂತೆ.

ಇದನ್ನ ಓದಿ ಊರಿನ ಕತೆ ಹೇಳಿದರೆ ಸೀಟು ಗ್ಯಾರಂಟಿ ಅಂತ ಯಾರೂ ಹೊರಡಬೇಡಿ. ಎರಡನೇ ಇಂಟರ್‌ವ್ಯೂನಲ್ಲಿ ಇದೇ ಮಿಲ್ಲನ್ನ ಇವನೇ ಮುಂದಾಗಿ ತೆಗೆದ, ಅವರಿಗೆ ಆಸಕ್ತಿಯೇ ಇರಲಿಲ್ಲ, ಸಂಭವನೀಯತೆಯ ಲೆಕ್ಕ ಕೊಟ್ಟು ಕೂರಿಸಿದರು. ಅಲ್ಲಿ ವೇಟಿಂಗ್ ಲಿಸ್ಟು, ಅದು ಕದಲಲೇ ಇಲ್ಲ.

ಸೀಟು ಬಂತು, ಪಹಣಿ ತನ್ನಿ

ಮೊದಲ ಇಂಟರ್‌ವ್ಯೂ ಮೇಲೆ ಒಂದು ಹೊಸ ಐಐಎಂನಲ್ಲಿ ಸೀಟು ಬಂತು. ಎರಡು ವರ್ಷಕ್ಕೆ ಹದಿನೈದು ಲಕ್ಷ ದಾಟುವ ಫೀ. ಮನೆಯಲ್ಲಿ ಮತ್ತೆ ಆ ಲ್ಯಾಮಿನೇಟ್ ಕಾಗದ ಹೊರಗೆ ಬಂತು. ಈ ಸಲ ಕಾಕಾ ಕೇಳಿದ ಪ್ರಶ್ನೆ ಸುಲಭದ್ದಲ್ಲ. ರಾಜ್ಯದ ಎಂಬಿಎ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದರೆ 371ಜೆ ಮೇಲೆ ನಮ್ಮ ಭಾಗದಲ್ಲೋ ಬೆಂಗಳೂರಿನಲ್ಲೋ ಎಂಬಿಎ ಸೀಟು ಸರ್ಕಾರಿ ಫೀಗೆ ಸಿಗುತ್ತೆ, ಇಷ್ಟೊಂದು ಸಾಲ ಮಾಡಿ ದೂರದ ಊರಿಗೆ ಯಾಕೆ ಹೋಗಬೇಕು? ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಕೇಳ್ತಿದ್ದೆ. ಊರು ಎಲ್ಲಿ ನೆರವಾಗುತ್ತೋ ಅಲ್ಲಿ ಸಿಗುವ ಡಿಗ್ರಿಗೆ ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಕಡಿಮೆ. ಕಂಪನಿಗಳು ಜಾಸ್ತಿ ಬರುವ ಕಡೆ ಊರಿಗೆ ಬೆಲೆ ಇಲ್ಲ. ಹುಡುಗ ಎರಡು ರಾತ್ರಿ ಅವರಪ್ಪನ ಜೊತೆ ಕೂತು ಇಎಂಐ ಲೆಕ್ಕ ಹಾಕಿದ. ಮಿಲ್ಲಿನ ಲೆಕ್ಕಕ್ಕಿಂತ ಇದು ಗಟ್ಟಿ ಇಲ್ಲ ಅಂತ ಕಾಕಾ ನಕ್ಕರಂತೆ, ಆದರೂ ಒಪ್ಪಿದರು.

ಬ್ಯಾಂಕಿನ ಕತೆ ಸಣ್ಣದಾಗಿ ಹೇಳ್ತೀನಿ. ಇಂಥ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಕೊಡುವ ಯೋಜನೆಗಳು ಬ್ಯಾಂಕುಗಳಲ್ಲಿ ಮೊದಲಿಂದ ಇವೆ. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಪಿಎಂ ವಿದ್ಯಾಲಕ್ಷ್ಮಿಗೂ ಒಪ್ಪಿಗೆ ಕೊಟ್ಟಿತ್ತು, ಅದರಲ್ಲೂ ಜಾಮೀನು ಬೇಕಿಲ್ಲ. ಊರ ಹತ್ತಿರದ ಶಾಖೆಯ ಮ್ಯಾನೇಜರ್ ಮಾತ್ರ ಪಹಣಿ ತನ್ನಿ, ಆರು ಎಕರೆ ಅಡ ಇಡಬೇಕು ಅಂದರು. ಕೆಟ್ಟವರೇನಲ್ಲ, ಅವರ ಕೈಗೆ ಅಂಥ ಅರ್ಜಿ ಬಂದಿರಲೇ ಇಲ್ಲ, ಅವರು ಕೊಡೋದು ಬೆಳೆ ಸಾಲ, ಟ್ರ್ಯಾಕ್ಟರ್ ಸಾಲ. ಎರಡು ವಾರ ಓಡಾಡಿ, ಕೊನೆಗೆ ಕ್ಯಾಂಪಸ್ ಹತ್ತಿರದ ಶಾಖೆಯಲ್ಲಿ ನಾಲ್ಕು ದಿನಕ್ಕೆ ಕೆಲಸ ಆಯ್ತು. ಸೀಟು ಕಾಯ್ದಿರಿಸುವ ದುಡ್ಡು ಕಟ್ಟುವ ಗಡುವು ಅಷ್ಟರಲ್ಲಿ ಮುಗಿಯುತ್ತಿತ್ತು, ಮಿಲ್ಲಿನ ಮಾಲೀಕರು ಕೈಗಡ ಕೊಟ್ಟರು.

ಹಾಗಾದರೆ ಊರಿಗೂ ಅಂಕ ಕೊಡಬೇಕಾ ಅಂತ ಗೆಳೆಯರು ಕೇಳಿದರು. ದೆಹಲಿಯ ಜೆಎನ್‌ಯುನಲ್ಲಿ ಹಿಂದುಳಿದ ಜಿಲ್ಲೆಯವರಿಗೆ ಕೆಲವು ಹೆಚ್ಚುವರಿ ಅಂಕ ಕೊಡುವ ಪದ್ಧತಿ ಇದೆ, ಆಗದ ಕೆಲಸವೇನಲ್ಲ. ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲ. ಕೊಪ್ಪಳ ಜಿಲ್ಲೆ ಅಂತ ಅಂಕ ಕೊಟ್ಟರೆ ಮೊದಲು ಬಳಸಿಕೊಳ್ಳೋದು ಗಂಗಾವತಿಯ ಮಿಲ್ ಮಾಲೀಕರ ಮಕ್ಕಳು, ಅವರು ಓದಿರೋದು ಬೆಂಗಳೂರಿನ ಬೋರ್ಡಿಂಗ್ ಶಾಲೆಗಳಲ್ಲಿ. ನನ್ನ ಆಸೆ ಚಿಕ್ಕದು. ಬೋರ್ಡಿಗೆ ಬೋರ್ಡು ತೂಗುವವರು ಅದೇ ಲೆಕ್ಕವನ್ನ ಇನ್ನೊಂದು ಮೆಟ್ಟಿಲು ಕೆಳಗಿಳಿಸಿ, ಅವನು ಓದಿದ ಶಾಲೆಯಲ್ಲಿ ಆ ವರ್ಷ ಎಲ್ಲರಿಗಿಂತ ಜಾಸ್ತಿ ಬಂದದ್ದೆಷ್ಟು ಅಂತ ನೋಡಲಿ. ಇವನ 525 ಆ ಶಾಲೆಯ ಮೊದಲ ಸ್ಥಾನ. ಎರಡನೆಯವನಿಗೆ 441.

2025ರ ಜೂನಿನಲ್ಲಿ ಹೊರಟ. ಹೋಗುವ ಮುಂಚೆ ಮಿಲ್ಲಿಗೆ ಹೋಗಿ ಕೈಗಡ ಯಾವಾಗ ತೀರಿಸಲಿ ಅಂತ ಕೇಳಿದ್ದಾನೆ. ಮಾಲೀಕರು ದುಡ್ಡಿನ ಮಾತು ಬಿಟ್ಟು ದಸರಾ ರಜೆ ಯಾವಾಗ ಅಂತ ಕೇಳಿದರಂತೆ. ಕಾಕಾ ಈಗ ಅರ್ಧ ದಿನ ಮಾತ್ರ ಬರ್ತಾರೆ, ಹೊಸದಾಗಿ ಬಂದ ಗುಮಾಸ್ತ ನುಚ್ಚು ಮತ್ತು ತೌಡನ್ನ ಒಂದೇ ಕಾಲಮ್ಮಿನಲ್ಲಿ ಬರೀತಿದ್ದಾನೆ, ಯಾರಾದರೂ ಕೂತು ಬಿಡಿಸಬೇಕು.